ರೇಡಿಯೋದಲ್ಲಿ ಬಂದ ಆನೆ

ವಯನಾಡು ಜಿಲ್ಲೆಯಲ್ಲಿ ರೈಲಿಲ್ಲ. ಹಳಿಯಿಲ್ಲ, ನಿಲ್ದಾಣವಿಲ್ಲ, ನಿಲ್ದಾಣದ ನೀರು ಟೀ ಕೂಡ ಇಲ್ಲ. ಚುನಾವಣೆ ಬಂದಾಗ ಮಾತ್ರ ಭಾಷಣದಲ್ಲಿ ಒಂದು ರೈಲು ಘಟ್ಟ ಹತ್ತಿ ಬರುತ್ತದೆ, ಮತ ಎಣಿಸಿ ಮುಗಿದ ಮೇಲೆ ಅದೇ ದಾರಿಯಲ್ಲಿ ಇಳಿದು ಹೋಗುತ್ತದೆ. ಇಂಥ ಜಿಲ್ಲೆಯಲ್ಲಿ, ಅದರಲ್ಲೂ ಕಾಡು ಸುತ್ತುಗಟ್ಟಿರುವ ಚೇಕಾಡಿಯಲ್ಲಿ ಹುಟ್ಟಿ, ನಾನು ರೈಲಿನ ಕೆಲಸಕ್ಕೆ ಸೇರಿದೆ. ಹೆಣ್ಣುಮಗಳಿಗೆ ಇದೆಂಥ ಹುಚ್ಚು ಎಂದವರೇ ಹೆಚ್ಚು.

ರಜೆಗೆ ಬಂದು ಪುಲ್ಪಳ್ಳಿಯಲ್ಲಿ ಬಸ್ಸಿಳಿದರೆ ಸಾಕು, ಮೂಲೆಯ ಮೆಣಸಿನ ವ್ಯಾಪಾರಿ ಕೂಗುತ್ತಾರೆ: "ಮೋಳೇ, ಟ್ರೈನ್ ಎವಿಡೆ ಇಟ್ಟಿಟ್ಟಾ ವನ್ನದ್?" ರೈಲನ್ನು ಎಲ್ಲಿ ನಿಲ್ಲಿಸಿ ಬಂದೆ ಮಗಳೇ ಎಂದು. ಎಂಟು ವರ್ಷದಿಂದ ಇದೇ ತಮಾಷೆ. ಎಂಟು ವರ್ಷದಿಂದ ನಾನೂ ನಗುತ್ತಿದ್ದೇನೆ, ಅವರ ಅಂಗಡಿಯಲ್ಲಿ ಅವ್ವನಿಗೆ ಉದ್ದರಿ ಸಿಗುತ್ತದೆ ಎನ್ನುವ ಒಂದೇ ಕಾರಣಕ್ಕೆ.

ರೈಲು ಓಡಿಸುತ್ತೇನೆ ಎಂದರೆ ಸ್ವಲ್ಪ ಜಂಬ. ಓಡಿಸುವವರು ಹಿರಿಯ ಚಾಲಕರು, ಉತ್ತರದ ಕಡೆಯವರು, ನನ್ನನ್ನು 'ಬೇಟಾ' ಎನ್ನುತ್ತಾರೆ. ನಾನು ಪಕ್ಕದ ಕುರ್ಚಿಯ ಸಹಾಯಕಿ. ಮೊದಲು ಗೂಡ್ಸ್ ಬಂಡಿಗಳಲ್ಲಿ ಬೆಂದು, ಆಮೇಲೆ ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಈಗ ಮೂತಿ ಚೂಪಾದ, ಮೈ ಬೆಳ್ಳಗಿನ ಅತಿವೇಗದ ರೈಲಿನ ಕ್ಯಾಬಿಗೆ ಬಂದಿದ್ದೇನೆ. ಯಾವ ದಾರಿಯ ರೈಲು ಎಂದು ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ವಿಚಾರಣೆ ಕೂರುತ್ತದೆ.

ಆ ಕ್ಯಾಬಿನ ವೈಭವ ಏನೆಂದು ಹೇಳಲಿ! ಎದುರಿಗೆ ಪರದೆಗಳು. ಒಂದರಲ್ಲಿ ವೇಗ, ಒಂದರಲ್ಲಿ ಬ್ರೇಕಿನ ಒತ್ತಡ, ಇನ್ನೊಂದರಲ್ಲಿ ಎಷ್ಟನೇ ಬೋಗಿಯ ಎಷ್ಟನೇ ಬಾಗಿಲು ಸರಿಯಾಗಿ ಮುಚ್ಚಿಲ್ಲ ಎನ್ನುವ ಚಾಡಿ. ನಮ್ಮ ಮುಖ ನೋಡಲು ಕ್ಯಾಮೆರಾ, ಮಾತು ಕೇಳಲು ಮೈಕು. ಮೇಜಿನ ಮೇಲೆ ಒಂದು ಬಟನ್. ಒಂದು ನಿಮಿಷ ಯಾವ ಹಿಡಿಕೆಯನ್ನೂ ಮುಟ್ಟದೆ ಕೂತರೆ ದೀಪ ಮಿನುಗುತ್ತದೆ, 'ಬದುಕಿದ್ದೀರಾ?' ಎಂದು ಕೇಳುವ ರೀತಿ. ಬಟನ್ ಒತ್ತಿ ಬದುಕಿದ್ದೇವೆ ಎನ್ನಬೇಕು. ಒತ್ತದಿದ್ದರೆ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ, ಆಗಲೂ ಒತ್ತದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಇಷ್ಟೆಲ್ಲ ಯೋಚನೆ ಮಾಡಿದ ಮಹಾನುಭಾವರಿಗೆ ಕ್ಯಾಬಿನಲ್ಲಿ ಕೂರುವವಳಿಗೆ ಒಂದು ಶೌಚಾಲಯ ಬೇಕಾಗಬಹುದು ಎಂದು ಮಾತ್ರ ಹೊಳೆದಿಲ್ಲ.

ಅಪ್ಪನಿಗೆ ಈ ಬಟನ್ನಿನ ವಿಷಯ ಹೇಳಿದಾಗ ಅವನು ಬೀಡಿ ಕೆಳಗಿಟ್ಟು ನಕ್ಕಿದ್ದ. ಅಪ್ಪ ಹುಡುಗನಾಗಿದ್ದಾಗಿನಿಂದ ಗದ್ದೆ ಬದಿಯ ಏರುಮಾಡದಲ್ಲಿ, ಅಂದರೆ ಮರದ ಮೇಲೆ ಕಟ್ಟಿದ ಕಾವಲು ಅಟ್ಟಣೆಯಲ್ಲಿ, ಭತ್ತ ಕಾಯುತ್ತ ಬಂದವನು. "ನೀನ್ ಎಚ್ಚರ ಇದ್ದೀಯ ಅಂತ ಪೆಟ್ಗೆ ಕೇಳ್ತದಾ? ಒಳ್ಳೆ ಪಣಿ, ಒಳ್ಳೆ ಕೆಲ್ಸ ಮಗಾ. ನಾನ್ ಇಷ್ಟ್ ವರ್ಸ ಮರದ್ ಮ್ಯಾಲ್ ಕೂತಿವ್ನಿ, ಒಬ್ನಾದ್ರೂ ನಂಗೊಂದ್ ಬಟನ್ ಕೊಟ್ನಾ?" ಎಂದಿದ್ದ.

ಚೇಕಾಡಿಯ ನಮ್ಮ ಮಾತು ಹೀಗೇ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಹೊಳೆಯ ಆಚೆಯ ಕರ್ನಾಟಕದಿಂದ ಬಂದು ಇಲ್ಲಿ ಬೇರು ಬಿಟ್ಟರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ, ಜಗುಲಿಯಲ್ಲಿ ಎರಡೂ ಕಲಸಿದ ಚಿತ್ರಾನ್ನ. ಆಚೆಯ ಕಾಡಂಚಿನವರ ಹಾಗೆ ನಾವೂ 'ಇದೆ' ಎನ್ನುವುದಿಲ್ಲ, 'ಅದೆ' ಎನ್ನುತ್ತೇವೆ. ನೀರು ಅದೆ, ಹಾಲು ಅದೆ, ಆನೆ ಅದೆ. ಆನೆ ಕಂಡಾಗ ಬಿಡಿಸಿ ಹೇಳಲು ಯಾರಿಗೆ ಪುರಸೊತ್ತು? ಎರಡೂ ಅಂಟಿಕೊಂಡು 'ಆನೇದೆ' ಆಗುತ್ತದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಕುರ್ಚಿ ಅಲ್ಲಾಡಿದ್ದು ಇದರಿಂದಲೇ.

ನಮ್ಮ ರೈಲಿನ ದಾರಿಯಲ್ಲಿ ಒಂದು ಕಾಡಿನ ತುಂಡಿದೆ. ಆನೆಗಳು ದಾಟುವ ಜಾಗ. ಅಲ್ಲಿ ಕತ್ತಲಾದ ಮೇಲೆ ಮಾತ್ರ ನಿಧಾನ ಹೋಗಬೇಕು, ಹಗಲು ವೇಗಕ್ಕೆ ಅಡ್ಡಿಯಿಲ್ಲ. ಆನೆಗಳು ಹಗಲು ನಡೆಯುವುದಿಲ್ಲ ಎಂದು ಒಂದು ಸುತ್ತೋಲೆ ತೀರ್ಮಾನಿಸಿದೆ. ಸುತ್ತೋಲೆಯ ಪ್ರತಿ ಆನೆಗಳಿಗೆ ತಲುಪಿದೆಯೋ ಇಲ್ಲವೋ ಗೊತ್ತಿಲ್ಲ. ಅಲ್ಲಿಗೆ ಒಬ್ಬ ಕಾವಲುಗಾರನನ್ನು ಹಾಕಿದ್ದಾರೆ, ಕಾಡಿನ ಹಾಡಿಯ ಕನ್ನಡದವನು, ಗುತ್ತಿಗೆ ಕೆಲಸ. ಕೈಗೆ ಒಂದು ವಾಕಿಟಾಕಿ, ಜೇಬಿಗೆ ಒಂದು ಚೀಟಿ. ಚೀಟಿಯಲ್ಲಿ ಅವನು ಹೇಳಬೇಕಾದ ಇಂಗ್ಲಿಷ್ ಮಾತುಗಳು: 'ಲೈನ್ ಕ್ಲಿಯರ್', 'ಎಲಿಫೆಂಟ್ ಆನ್ ಟ್ರ್ಯಾಕ್'. ಅವನ ಮುಖ ನಾನು ನೋಡಿರಲಿಲ್ಲ. ದಿನಾ ನಾವು ಹತ್ತಿರ ಬರುವಾಗ ಕ್ಯಾಬಿನ ರೇಡಿಯೋದಲ್ಲಿ ಅವನ ದನಿ ಬರುತ್ತಿತ್ತು: "ಲೈನ್ ಕಿಲೀರು, ಲೈನ್ ಕಿಲೀರು." ನನಗೆ ಆ ದನಿ ಕೇಳಿದರೆ ಮನೆಯ ಹಿತ್ತಿಲು ನೆನಪಾಗುತ್ತಿತ್ತು. ಒಂದು ದಿನ ತಡೆಯಲಾರದೆ "ಊಟ ಆಯ್ತಾ ಅಣ್ಣಾ?" ಎಂದುಬಿಟ್ಟೆ. "ಆಯ್ತು ಕಣವ್ವಾ" ಎಂದ. ರೇಡಿಯೋದಲ್ಲಿ ಊಟದ ಸಮಾಚಾರ ಕೇಳಿದ್ದಕ್ಕೆ ನನಗೊಂದು ಎಚ್ಚರಿಕೆ ಪತ್ರ ಬಂತು.

ಆ ದಿನ ಮಧ್ಯಾಹ್ನ. ಒಳ್ಳೆಯ ಬಿಸಿಲು. ಸಿಗ್ನಲ್ ಹಸಿರಿತ್ತು. ಹಿರಿಯ ಚಾಲಕರೂ ನಾನೂ ನಿಯಮದಂತೆ ಕೈ ಎತ್ತಿ ಸಿಗ್ನಲ್ಲಿನ ಬಣ್ಣ ಕೂಗಿದೆವು. ತಿರುವಿಗೆ ಸ್ವಲ್ಪ ಮುಂಚೆ ರೇಡಿಯೋ ಕರಕರ ಎಂದಿತು, ಅವನ ದನಿ ಬಂತು. ದಿನದ ದನಿಯಲ್ಲ, ಹೊಟ್ಟೆಯಿಂದ ಕಿತ್ತು ಬಂದ ದನಿ: "ಆನೇದೆ! ಆನೇದೆ! ಆನೇದೆ!"

ಹೆದರಿದವನಿಗೆ ಇಂಗ್ಲಿಷ್ ಚೀಟಿ ಎಲ್ಲಿ ನೆನಪಾಗಬೇಕು? ಅವ್ವನ ಮಾತು ಬಂದಿದೆ. ನನ್ನ ಪಕ್ಕದಲ್ಲಿದ್ದ ಹಿರಿಯರು ಕೇಳಿದ್ದು ಮಾತ್ರ ಹಿಂದಿ. 'ಆನೇ ದೇ', ಬರಲು ಬಿಡು. ಅವರು ನಿರಾಳವಾಗಿ ತಲೆಯಾಡಿಸಿ, "ಬರಲಿ ಅಂತಿದ್ದಾನೆ. ಆದರೂ 'ದೇ' ಅಂತಾನಲ್ಲ, 'ದೀಜಿಯೇ' ಅನ್ನೋಕೆ ಏನು ಕಷ್ಟ? ಮರ್ಯಾದೆಯೇ ಗೊತ್ತಿಲ್ಲ ಈ ಜನಕ್ಕೆ" ಎಂದರು.

ಅವರ ವ್ಯಾಕರಣ ಮುಗಿಯುವ ಮೊದಲು ನಾನು ನನ್ನ ಬದಿಯ ತುರ್ತು ಬ್ರೇಕ್ ಹಾಕಿಯಾಗಿತ್ತು. ನಾನು ಹಾಕಿದೆ ಎನ್ನುವುದಕ್ಕಿಂತ ಕೈ ಹಾಕಿತು. ಚೇಕಾಡಿಯಲ್ಲಿ ಹುಟ್ಟಿದವರು 'ಆನೇದೆ' ಎಂಬ ಕೂಗಿಗೆ ಯೋಚಿಸುತ್ತ ನಿಂತರೆ ಯೋಚಿಸಲು ತಲೆ ಉಳಿಯುವುದಿಲ್ಲ. ರೈಲು ಕಿರುಚಿಕೊಂಡು, ಮೈಯೆಲ್ಲ ನಡುಗಿಸಿಕೊಂಡು ತಿರುವಿನಲ್ಲಿ ನಿಂತಿತು. ಎದುರಿಗೆ ಹಳಿ ಖಾಲಿ. ಪಕ್ಕದ ಬಿದಿರು ಮೆಳೆ ಅಲ್ಲಾಡುತ್ತಿತ್ತು. ಜಲ್ಲಿಕಲ್ಲಿನ ಮೇಲೆ ರಾಶಿ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಅದರ ಪಕ್ಕದಲ್ಲೇ ಮರಿಯದೊಂದು ಸಣ್ಣ ಗುಪ್ಪೆ. ನನಗೆ ಅಳು ಬಂದುಬಿಟ್ಟಿತು.

ಕಂಪ್ಯೂಟರಿಗೆ ಅಳು ಬರಲಿಲ್ಲ. ಅದು ಅಚ್ಚುಕಟ್ಟಾಗಿ ಬರೆದುಕೊಂಡಿತು: ತುರ್ತು ಬ್ರೇಕ್, ಹಾಕಿದವರು ಸಹಾಯಕ ಚಾಲಕಿ, ಅಡಚಣೆ ಇಲ್ಲ. ಮುಂದಿನ ಕ್ಯಾಮೆರಾದಲ್ಲಿ ಆನೆ ಇರಲಿಲ್ಲ, ಯಾಕೆಂದರೆ ನಾವು ತಿರುವಿಗೆ ಬರುವಷ್ಟರಲ್ಲಿ ಆನೆ ನಮ್ಮ ವೇಳಾಪಟ್ಟಿಗೆ ಕಾಯದೆ ಹೋಗಿತ್ತು. ನಾಲ್ಕು ಗಾಲಿ ಉಜ್ಜಿ ಚಪ್ಪಟೆಯಾಗಿದ್ದವು. ಒಬ್ಬ ದೊಡ್ಡ ಮನುಷ್ಯರ ಬಿಳಿ ಅಂಗಿಯ ಮೇಲೆ ಟೊಮೆಟೊ ಸೂಪು ಚೆಲ್ಲಿತ್ತು. ಬಹುಶಃ ವಿಚಾರಣೆ ಇಷ್ಟು ಬೇಗ ಶುರುವಾದದ್ದು ಗಾಲಿಗಿಂತ ಹೆಚ್ಚು ಆ ಅಂಗಿಯಿಂದ.

ರೇಡಿಯೋ ಧ್ವನಿಮುದ್ರಣವನ್ನು ಕಚೇರಿಯಲ್ಲಿ ಯಾರೋ ಹಿಂದಿಯಲ್ಲಿ ಬರೆದಿಳಿಸಿದರು: 'ಆನೇ ದೇ, ಆನೇ ದೇ, ಆನೇ ದೇ'. ಕೆಳಗೆ ಮೊಹರು. ನಾನು ಎರಡು ಪುಟ ಬರೆದು, ಇದು ಕನ್ನಡ, ಆನೆ ಎಂದರೆ ಹಾಥಿ ಎಂದು ವಿವರಿಸಿದೆ. ಉತ್ತರ ಬಂತು. ಧ್ವನಿಮುದ್ರಣದಲ್ಲಿ 'ಎಲಿಫೆಂಟ್' ಮತ್ತು 'ಹಾಥಿ' ಎಂಬ ಪದಗಳನ್ನು ಕಂಪ್ಯೂಟರಿನಲ್ಲಿ ಹುಡುಕಲಾಗಿದೆ, ಸಿಕ್ಕಿಲ್ಲ. ಲದ್ದಿಯ ಸಮಯ ದೃಢಪಟ್ಟಿಲ್ಲ. ಮೂರನೆಯದು ಎಲ್ಲಕ್ಕಿಂತ ಚಂದ: ನೀವು ಕೇರಳದವರು, ನಿಮ್ಮ ದಾಖಲೆಯಲ್ಲಿ ಮಾತೃಭಾಷೆ ಮಲಯಾಳ ಎಂದಿದೆ, ಹಾಗಾಗಿ ಕನ್ನಡದ ಬಗ್ಗೆ ನಿಮ್ಮ ಅಭಿಪ್ರಾಯ ಪರಿಗಣಿಸಲಾಗದು.

ಆ ಮಲಯಾಳ ನಾನು ಬರೆಸಿದ್ದಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಅಪ್ಪ "ಮನೇಲಿ ಕನ್ನಡ ಸಾರ್" ಎಂದಿದ್ದಕ್ಕೆ, ಮಾಷ್ಟ್ರು "ಇವಿಡೆ ಅದೊನ್ನುಮಿಲ್ಲ" ಎಂದು, ಇಲ್ಲಿ ಅದೆಲ್ಲ ಇಲ್ಲ ಎಂದು, ಅರ್ಜಿ ಉದ್ದ ಮಾಡದೆ ಬರೆದುಕೊಂಡದ್ದು. ಕೇರಳದಲ್ಲಿ ಕನ್ನಡದವಳು, ಕರ್ನಾಟಕದಲ್ಲಿ ಕೇರಳದವಳು, ರೈಲಿನಲ್ಲಿ ಎರಡೂ ಅಲ್ಲದವಳು. ನನ್ನ ಸ್ವಂತ ಅವ್ವನ ಮಾತಿಗೆ ನಾನು ಸಾಕ್ಷಿ ಅಲ್ಲವಂತೆ!

ವಿಚಾರಣೆ ಮುಗಿಯುವವರೆಗೆ ಕ್ಯಾಬ್ ಹತ್ತಬೇಡ, ರಜೆ ಹಾಕು ಎಂದರು. ಊರಿಗೆ ಬಂದೆ. ಬಂದ ನಾಲ್ಕನೇ ದಿನ ಏರುಮಾಡ ಹತ್ತಿದಾಗ ಮೊಬೈಲಿಗೆ ಒಂದು ಪತ್ರ ಬಂತು, ಜೊತೆಗೆ ಕಚೇರಿಯ ಒಬ್ಬ ಹಿತೈಷಿಯ ಫೋನು. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಹುಡುಕಿದ್ದೇವೆ. ಅದರಲ್ಲಿ ಸಹಿ ಹಾಕಿ, ಸೋಮವಾರ ಕ್ಯಾಬಿಗೆ ಬನ್ನಿ" ಎಂದರು. ಪತ್ರದಲ್ಲಿ ಇದ್ದದ್ದು ಇಷ್ಟೇ: ಕಾವಲುಗಾರ ನಿಗದಿತ ಪದಗಳನ್ನು ಬಳಸದೆ ಗೊಂದಲ ಉಂಟುಮಾಡಿದ, ಆ ಗೊಂದಲದಿಂದ ನಾನು ಬ್ರೇಕ್ ಹಾಕಿದೆ. ಸಹಿ ಹಾಕಿದರೆ ನನಗೊಂದು ಎಚ್ಚರಿಕೆ, ಅವನಿಗೆ ಕೆಲಸದಿಂದ ವಜಾ. ಹಾಕದಿದ್ದರೆ ಕಾರಣವಿಲ್ಲದೆ ಬ್ರೇಕ್ ಹಾಕಿದ ತಪ್ಪು ನನ್ನ ತಲೆಗೆ, ಅತಿವೇಗದ ಕ್ಯಾಬಿನಿಂದ ಇಳಿಸಿ ಯಾರ್ಡಿನಲ್ಲಿ ಬೋಗಿ ನೂಕುವ ಕೆಲಸಕ್ಕೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸುವ ಕೈ ನನ್ನದಾಗಬೇಕಿತ್ತು.

ಅಪ್ಪನಿಗೆ ಹೇಳಿದೆ. ಅವನು ಗದ್ದೆಯ ಬದುವಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

"ಆನೆ ಇತ್ತಾ, ಇರ್ನಿಲ್ವಾ?"

"ಇತ್ತು."

"ಅವ್ನ್ ಕೂಗಿದ್ನಾ?"

"ಕೂಗ್ದ."

"ಪಿನ್ನೆ ಏನ್ ನಿಂದು?" ಎಂದು, ಮತ್ತೇನು ನಿನ್ನದು ಎಂದು, ಎದ್ದು ಹೋದ.

"ನಿಂಗ್ ಅರ್ಥಾಗಲ್ಲಪ್ಪಾ!" ಎಂದು ಅವನ ಬೆನ್ನಿಗೆ ಕಿರುಚಿದೆ. ಅರ್ಥವಾಗಿತ್ತು, ಅದಕ್ಕೇ ಸಿಟ್ಟು ಬಂದಿತ್ತು. ಆ ಕುರ್ಚಿಗಾಗಿ ನಾನು ನೀರು ಕುಡಿಯದೆ ಡ್ಯೂಟಿ ಮಾಡಿದ್ದೇನೆ, 'ಹೆಂಗಸು ಓಡಿಸ್ತಾಳಾ' ಎಂದವರ ಮುಂದೆ ಹಲ್ಲು ಕಚ್ಚಿದ್ದೇನೆ. ಮುಖವನ್ನೇ ನೋಡದ ಒಬ್ಬನಿಗಾಗಿ ಅದನ್ನು ಬಿಡಬೇಕೇ? ಅವನಿಗೆ ಕಾಡಿದೆ, ಜೇನಿದೆ, ಕೂಲಿ ಸಿಗುತ್ತದೆ ಎಂದೆಲ್ಲ ನನಗೆ ನಾನೇ ಭಾಷಣ ಮಾಡಿಕೊಂಡೆ. ಚುನಾವಣೆಗೆ ಬರುವವರಿಗಿಂತ ಚೆನ್ನಾಗಿಯೇ ಮಾಡಿದೆ. ಮರುದಿನ ಪುಲ್ಪಳ್ಳಿಗೆ ಹೋಗಿ ಪತ್ರದ ಪ್ರಿಂಟ್ ತೆಗೆಸಿಕೊಂಡು ಬಂದೆ.

ಕೊನೆಯ ವಿಚಾರಣೆ ಮೊಬೈಲಿನಲ್ಲೇ, ವೀಡಿಯೋ ಕಾಲ್, ಸಂಜೆ ನಾಲ್ಕೂವರೆಗೆ. ನಮ್ಮ ಮನೆಯಲ್ಲಿ ರೇಂಜ್ ಇಲ್ಲ. ಇರುವುದು ಅಪ್ಪನ ಏರುಮಾಡದಲ್ಲಿ ಮಾತ್ರ. ಗಂಧಸಾಲೆ ಭತ್ತ ತೆನೆ ತೂಗುತ್ತಿದ್ದ ಕಾಲ. ಆ ಭತ್ತದ ವಾಸನೆಗೆ ಒಂದು ಒಂಟಿ ಕೊಂಬ, ದಂತದ ಗಂಡಾನೆ, ದಿನಾ ಬಿಸಿಲು ಇಳಿಯುವ ಹೊತ್ತಿಗೆ ಬಂದು ಹೋಗುತ್ತಿತ್ತು. ಇಡೀ ವಯನಾಡಿನಲ್ಲಿ ವೇಳೆಗೆ ಸರಿಯಾಗಿ ಬರುವುದು ಅದೊಂದೇ. ಐದಕ್ಕೆ ಮುಂಚೆ ಬರಲಾರದು ಎಂದು ಲೆಕ್ಕ ಹಾಕಿ ಏಣಿ ಹತ್ತಿದೆ. ಅಪ್ಪ ಕೆಳಗೆ ಗದ್ದೆಯಲ್ಲಿ ಆನೆ ಬೆದರಿಸುವ ತಗಡಿನ ಡಬ್ಬ ಕಟ್ಟುತ್ತಿದ್ದ.

ಪರದೆಯಲ್ಲಿ ವಿಚಾರಣಾಧಿಕಾರಿ ಬಂದಾಗ ಐದಕ್ಕೆ ಐದೇ ನಿಮಿಷ ಇತ್ತು. ಹಿಂದೆ ತಂಪು ಕೋಣೆ, ಗೋಡೆಗೆ ರೈಲಿನ ಚಿತ್ರ. ಕೆಟ್ಟವರಲ್ಲ, ಸುಸ್ತಾದ ಮುಖ. ಮಾತೆಲ್ಲ ಹಿಂದಿಯಲ್ಲಿ.

"ಪತ್ರ ಓದಿದಿರಾ?"

"ಓದಿದೆ ಸರ್."

"ಒಪ್ಪಿಗೆಯಾ?"

"ಒಪ್ಪಿಗೆ ಸರ್" ಎಂದೆ.

"ಹಾಗಿದ್ದರೆ ಕ್ಯಾಮೆರಾ ಮುಂದೆ ಸಹಿ ಹಾಕಿ ತೋರಿಸಿ."

ಮೊಬೈಲನ್ನು ಅಟ್ಟಣೆಯ ಬಿದಿರಿಗೆ ಒರಗಿಸಿ, ಕಾಗದವನ್ನು ಮಂಡಿಯ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದೆ. ನನ್ನ ಹೆಸರಿನ ಮೊದಲಕ್ಷರ ಬರೆದೆ.

ಆಗ ಕೆಳಗಿನಿಂದ ಅಪ್ಪ ಕೂಗಿದ: "ಆನೇದೆ! ಮಗಾ, ಆನೇದೆ! ಆನೇದೆ!"

ಅದೇ ದನಿ. ರೇಡಿಯೋದಲ್ಲಿ ಬಂದಿತ್ತಲ್ಲ, ಅದೇ, ಹೊಟ್ಟೆಯಿಂದ ಕಿತ್ತು ಬಂದದ್ದು. ಕೈಯಲ್ಲಿದ್ದ ಪೆನ್ನು ನಿಂತಿತು. ಅಪ್ಪ ಏಣಿ ಹಿಡಿದು ದಡದಡ ಹತ್ತತೊಡಗಿದ, ಮೆಟ್ಟಿಲಿಗೊಮ್ಮೆ "ಆನೇದೆ" ಎನ್ನುತ್ತ.

ಪರದೆಯಲ್ಲಿ ಅಧಿಕಾರಿ ಹುಬ್ಬು ಗಂಟಿಕ್ಕಿದರು. "ಯಾರದು? ಯಾರನ್ನು ಬರಲು ಬಿಡು ಅಂತಿದ್ದಾರೆ? ಇದು ಗೋಪ್ಯ ವಿಚಾರಣೆ. ಯಾರನ್ನೂ ಒಳಗೆ ಬಿಡಕೂಡದು."

ನಾನು ಮೊಬೈಲ್ ಎತ್ತಿ, ಅದರ ಕಣ್ಣನ್ನು ಗದ್ದೆಯ ಕಡೆ ತಿರುಗಿಸಿದೆ. ಕೊಂಬ ನಮ್ಮ ಭತ್ತದ ನಡುವೆ ನಿಂತು, ಒಂದು ಕಟ್ಟು ಕಿತ್ತು, ಬೇರಿನ ಮಣ್ಣನ್ನು ಕಾಲಿಗೆ ಬಡಿದು ಉದುರಿಸಿ, ಬಾಯಿಗಿಡುತ್ತಿತ್ತು. ಇಪ್ಪತ್ತು ಮಾರು ದೂರ ಇರಬಹುದು.

"ಒಳಗೆ ಬಿಡಕೂಡದು ಅಂತ ನೀವೇ ಹೇಳಿ ಸರ್. ನಮ್ಮ ಮಾತು ಅದು ಕೇಳಲ್ಲ" ಎಂದೆ.

ಅಪ್ಪ ಮೇಲೆ ಬಂದು ಮುಟ್ಟಿದ, ಏದುಸಿರು ಬಿಡುತ್ತ. ಮೊಬೈಲಿನಲ್ಲಿ ಯಾರಿದ್ದಾರೆಂದು ನೋಡದೆ ನನ್ನ ಹೆಗಲು ಹಿಡಿದುಕೊಂಡು ಮತ್ತೊಮ್ಮೆ ಮೆಲ್ಲಗೆ ಹೇಳಿದ: "ಆನೇದೆ ಮಗಾ. ಇಳೀಬ್ಯಾಡ." ಪರದೆಯ ಆಚೆ ಅಧಿಕಾರಿ ಫೈಲು ತಿರುವಿ, ಮೊಹರಿದ್ದ ಹಾಳೆಯೊಂದನ್ನು ಹುಡುಕಿ ತೆಗೆದು ಓದಿಕೊಂಡರು.

ಕೊನೆಗೆ ಅಧಿಕಾರಿ ಕೇಳಿದರು: "ಅವರು ನಿಮ್ಮ ತಂದೆಯೇ?"

"ಹೌದು ಸರ್."

"ಅವರಿಗೆ ಹಿಂದಿ ಬರುತ್ತದೆಯೇ?"

"ಇಲ್ಲ ಸರ್. ಆನೆಗೂ ಬರಲ್ಲ."

ಅವರು ನಗಲಿಲ್ಲ, ಆದರೆ ಬೈಯಲೂ ಇಲ್ಲ. "ಆ ಕಾಗದ ಕಳಿಸಬೇಡಿ" ಎಂದಷ್ಟೇ ಹೇಳಿ ಕಾಲ್ ಮುಗಿಸಿದರು. ಕೊಂಬ ಮಾತ್ರ ಅರ್ಧ ಗಂಟೆ ಮುಗಿಸಲಿಲ್ಲ. ಅಪ್ಪ ಅದಕ್ಕೆ ಬಾಯಿಗೆ ಬಂದ ಹಾಗೆ ಬೈದ, ಎರಡೂ ಭಾಷೆಯಲ್ಲಿ. ಆನೆ ನಡೆದದ್ದೇ ದಾರಿ ಎನ್ನುವುದು ಗಾದೆ ಹೇಳುವವರಿಗೆ ಚಂದ, ಗದ್ದೆ ಇರುವವರಿಗೆ ಅಲ್ಲ.

ಕೆಲವು ವಾರಗಳ ಮೇಲೆ ಆದೇಶ ಬಂತು. ಘಟನೆಗೆ 'ಭಾಷಿಕ ತೊಡಕು' ಕಾರಣ, ಯಾರದೂ ತಪ್ಪಿಲ್ಲ. ಕಾವಲುಗಾರ ಕೆಲಸದಲ್ಲಿ ಮುಂದುವರಿಯಲಿ, ಇನ್ನು ಮುಂದೆ 'ಹಾಥಿ' ಎಂಬ ಪದವನ್ನೇ ಬಳಸಲಿ. ಅವನೋ, ಹೇಳಿದ ಮಾತು ಕೇಳುವವನು. ನಾನು ಕ್ಯಾಬಿಗೆ ಮರಳಿದ ತಿಂಗಳಲ್ಲೇ ಒಂದು ದಿನ ರೇಡಿಯೋದಲ್ಲಿ ಕೂಗಿದ: "ಹಾಥಿದೆ! ಹಾಥಿದೆ!" ಹಿಂದಿಯಲ್ಲಿ 'ಆನೆ ಕೊಡು' ಎಂದಾಯಿತು. ಹಿರಿಯ ಚಾಲಕರು "ಈಗ ಇವನಿಗೆ ಆನೆ ಎಲ್ಲಿಂದ ತಂದುಕೊಡಲಿ?" ಎಂದು ಗೊಣಗುತ್ತಲೇ ತಾವೇ ಬ್ರೇಕ್ ಹಾಕಿದರು. ಎರಡು ಹೆಣ್ಣಾನೆ, ಒಂದು ಮರಿ, ಸಾವಕಾಶವಾಗಿ ದಾಟಿದವು. ಈ ಸಲ ಕ್ಯಾಮೆರಾಕ್ಕೂ ಕಂಡವು.

ಅವು ಕಾಡು ಸೇರಿದ ಮೇಲೆ "ಲೈನ್ ಕಿಲೀರು" ಬಂತು. ರೈಲು ಮೆಲ್ಲಗೆ ಹೊರಟಿತು. ಹಳಿಯ ಪಕ್ಕ ಒಬ್ಬ ಸಣಕಲು ಮನುಷ್ಯ, ದೊಗಳೆ ಕಿತ್ತಳೆ ಕೋಟು, ವಾಕಿಟಾಕಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದ. ಮೊದಲ ಸಲ ಅವನ ಮುಖ ನೋಡಿದೆ. ನಮ್ಮಪ್ಪನಷ್ಟೇ ವಯಸ್ಸು. ಗಾಜಿನೊಳಗೆ ನನ್ನನ್ನು ಕಂಡು ಕೈ ಮುಗಿದ. ರೇಡಿಯೋ ಮತ್ತೆ ಕರಕರ ಎಂದಿತು.

"ಅವ್ವಾ, ನನ್ ಮ್ಯಾಲ್ ಏನೋ ಬರ್ದಿದ್ರಂತೆ, ನೀವು ರುಜು ಹಾಕ್ನಿಲ್ವಂತೆ. ಆಪೀಸ್ನಾಗೆ ಯೋಳುದ್ರು. ನಿಮ್ ಹೊಟ್ಟೆ ತಣ್ಣಗಿರ್ಲಿ."

ಮೊದಲಕ್ಷರ ಬರೆದ ಆ ಕಾಗದ ನನ್ನ ಚೀಲದಲ್ಲೇ ಇತ್ತು, ಈಗಲೂ ಇದೆ. ಹಿರಿಯರು ನನ್ನ ಕಡೆ ತಿರುಗಿ, "ಏನಂತಾನೆ ಬೇಟಾ?" ಎಂದು ಕೇಳಿದರು.

"ಏನಿಲ್ಲ, ದಾರಿ ಸರಿಯಾಗಿದೆ ಅಂತಿದ್ದಾನೆ" ಎಂದೆ. ಮೇಜಿನ ಮೇಲೆ ಆ 'ಬದುಕಿದ್ದೀರಾ?' ದೀಪ ಮಿನುಗಿತು. ಅವರು ಕೈ ಚಾಚಿ ಬಟನ್ ಒತ್ತಿದರು.